ಹಿಪ್ಪುನೇರಳೆ ಸೀಮೆಯಲ್ಲಿ ಹಿಟ್ಟು ತಿಗಣೆ: ಹತೋಟಿಯ ಚರಿತ್ರೆ

ಬಿಡದಿ ಸಮೀಪದ ಬೈರಮಂಗಲದಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರೆಗಿನ ಸೀಮೆಯಲ್ಲಿ ರೇಷ್ಮೆ ಮುಖ್ಯ ಕಸುಬುಗಳಲ್ಲೊಂದು. ಹಿಪ್ಪುನೇರಳೆ ಸಾಲಿನ ಪಕ್ಕದಲ್ಲೇ ಬದನೆ, ಬೆಂಡೆ, ಟೊಮ್ಯಾಟೊ ಮಡಿಗಳಿರುವುದುಂಟು. ಬದನೆಗೆ ಸಿಂಪಡಿಸಿದ ಕೀಟನಾಶಕ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆ ಹುಳುಗಳು ಸಾಯುತ್ತವೆ. ರೈತನ ಒಂದು ಬೆಳೆಯೇ ಹೋಗುತ್ತದೆ. ಹಾಗಾದರೆ ಒಂದು ಕೀಟವನ್ನು ಸಾಕುತ್ತಲೇ ಇನ್ನೊಂದನ್ನು ಹತೋಟಿಯಲ್ಲಿಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಹಿಟ್ಟು ತಿಗಣೆಯ ಉದಾಹರಣೆಯಿಂದ ನೋಡೋಣ.

ಹಿಟ್ಟು ತಿಗಣೆ ಮೆತ್ತನೆಯ ಮೈಯ, ಸಸ್ಯರಸ ಹೀರುವ ಪುಟ್ಟ ಕೀಟ. ಮೈಮೇಲೆ ಬಿಳಿ ಮೇಣದ ಪುಡಿ ಹರಡಿರುತ್ತದೆ. ಮೊಟ್ಟೆಗಳು ಹತ್ತಿಯಂಥ ಚೀಲದೊಳಗಿರುತ್ತವೆ. ಆದ್ದರಿಂದ ಸಿಂಪಡಿಸಿದ ಔಷಧ ಅದಕ್ಕೆ ಸುಲಭವಾಗಿ ತಾಗುವುದಿಲ್ಲ. ಅದು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಬಂದು, ಅದರ ಶತ್ರುಗಳನ್ನು ಓಡಿಸಿ ಕಾವಲು ಕಾಯುತ್ತವೆ. ಹಿಪ್ಪುನೇರಳೆಯ ಕುಡಿ ಎಲೆಗಳನ್ನು ಮುದುಡಿಸುವ 'ತುಕ್ರಾ' ತೊಂದರೆಗೆ ಗುಲಾಬಿ ಬಣ್ಣದ ಹಿಟ್ಟು ತಿಗಣೆಯೇ ಕಾರಣ.

ಇದರ ಪ್ರಮುಖ ಶತ್ರು ಕ್ರಿಪ್ಟೊಲೇಮಸ್ ಮಾಂಟ್ರೌಜಿಯರಿ ಎಂಬ ಗುಲಗಂಜಿ ಹುಳು. ಆಸ್ಟ್ರೇಲಿಯ ಮೂಲದ ಈ ಜೀರುಂಡೆಯನ್ನು 1898ರಲ್ಲಿ ಭಾರತಕ್ಕೆ ತಂದದ್ದು ಹಿಟ್ಟು ತಿಗಣೆಗಾಗಿ ಅಲ್ಲ, ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ನಾಶಮಾಡಲು. ಆ ಉದ್ದೇಶ ಈಡೇರಲಿಲ್ಲ. ಆದರೆ ಜೀರುಂಡೆ ದಕ್ಷಿಣ ಭಾರತದಲ್ಲಿ ನೆಲೆಯೂರಿ, ತನಗೆ ಒಗ್ಗಿದ ಹಿಟ್ಟು ತಿಗಣೆಗಳನ್ನು ತಿಂದುಕೊಂಡು ಉಳಿಯಿತು. ಯಾವ ಶತ್ರುವಿಗೆ ಯಾವ ಆಹಾರ ಹಿತ ಎಂಬುದನ್ನು ತಿಳಿಯದೆ ಮಾಡಿದ ಪ್ರಯೋಗವಿದು.

ಬೆಂಗಳೂರಿನಲ್ಲಿ 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಆರಂಭವಾಯಿತು. 1977ರಲ್ಲಿ ಅಖಿಲ ಭಾರತ ಸಮನ್ವಿತ ಜೈವಿಕ ನಿಯಂತ್ರಣ ಯೋಜನೆ ರೂಪುಗೊಂಡಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟತಜ್ಞರು ಬೆಂಗಳೂರು ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಕ್ರಿಪ್ಟೊಲೇಮಸ್ ಬಿಟ್ಟು ಪರೀಕ್ಷಿಸಿದರು. ಸಾಕಣೆಗೆ ಬೇಕಾದುದು ನಮ್ಮ ಅಡುಗೆಮನೆಯದೇ ವಸ್ತು: ಬಲಿತ ಸಿಹಿಕುಂಬಳ. ಪಂಜರದಲ್ಲಿಟ್ಟ ಕುಂಬಳಕಾಯಿಯ ಮೇಲೆ ಮೊದಲು ಹಿಟ್ಟು ತಿಗಣೆ ಬೆಳೆಸಿ, ಅನಂತರ ಜೀರುಂಡೆಗಳನ್ನು ಬಿಡುತ್ತಾರೆ. ಹೀಗೆ ಬೆಳೆಸಿದ ಜೀರುಂಡೆ ಮುಂದೆ ಹಿಪ್ಪುನೇರಳೆ ತೋಟಗಳಿಗೂ ಬಂತು. ಗಮನಿಸಬೇಕಾದ ಅಂಶವೊಂದಿದೆ. ಇದರ ಮರಿಹುಳುವಿನ ಮೈಮೇಲೂ ಬಿಳಿ ಮೇಣವಿದ್ದು, ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಗುರುತಿಸಲಾಗದವರು ಮಿತ್ರನನ್ನೇ ಹೊಸಕಿಹಾಕುವ ಸಂಭವವಿದೆ.

2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ತಮಿಳುನಾಡಿನಿಂದ ಕರ್ನಾಟಕಕ್ಕೂ ಹಬ್ಬಿದ ಇದು ಪಪ್ಪಾಯದ ಜೊತೆಗೆ ಹಿಪ್ಪುನೇರಳೆ, ಮರಗೆಣಸು, ಬದನೆ, ದಾಸವಾಳಗಳನ್ನೂ ಮುತ್ತಿತು. ಮತ್ತೆ ಮತ್ತೆ ಕೀಟನಾಶಕ ಸಿಂಪಡಿಸಿದರೂ ಫಲ ಸಿಗಲಿಲ್ಲ. ಸ್ಥಳೀಯ ಶತ್ರುಕೀಟಗಳು ಮಾತ್ರ ಸತ್ತವು. ತವರಿನಲ್ಲಿ ಅದನ್ನು ಅಂಕೆಯಲ್ಲಿಟ್ಟಿದ್ದ ಜೀವಿಗಳು ಇಲ್ಲಿಗೆ ಬಂದಿರಲಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಕೃಷಿ ಪ್ರಮುಖ ಕೀಟಗಳ ಬ್ಯೂರೋ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ದಿಗ್ಬಂಧನದಲ್ಲಿಟ್ಟು ಪರೀಕ್ಷಿಸಿದ ಮೇಲೆ, ಅದೇ ವರ್ಷ ಹೊಲಗಳಿಗೆ ಬಿಡುಗಡೆ ಆರಂಭವಾಯಿತು. ಮೂರರಲ್ಲಿ ಅಸೆರೋಫೇಗಸ್ ಪಪಾಯೆ ಚೆನ್ನಾಗಿ ನೆಲೆಗೊಂಡಿತು. ಇದು ಪರತಂತ್ರ ಜೀವಿ. ಸುಮಾರು ಒಂದು ಮಿಲಿಮೀಟರ್‌ನಷ್ಟೇ ಇರುವ ಹೆಣ್ಣು ಕಣಜ ತಿಗಣೆಯ ದೇಹದೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ. ತಿಗಣೆ ಒಣಗಿ ಗಟ್ಟಿ ಕವಚವಾಗುತ್ತದೆ. ಅದಕ್ಕೆ ದುಂಡು ರಂಧ್ರ ಕೊರೆದು ಹೊಸ ಕಣಜ ಹೊರಬರುತ್ತದೆ. ಕಣಜ ಬಿಟ್ಟ ಕೆಲವೇ ತಿಂಗಳಲ್ಲಿ ಹಾವಳಿ ಇಳಿಯಿತು. ಇದು ರೇಷ್ಮೆ ಹುಳುವಿನ ಗೊಡವೆಗೆ ಹೋಗುವುದಿಲ್ಲ ಎಂಬುದು ನಮ್ಮ ಸೀಮೆಗೆ ದೊಡ್ಡ ಅನುಕೂಲ.

1898 ಮತ್ತು 2010ರ ಪ್ರಯೋಗಗಳನ್ನು ಹೋಲಿಸಿ ನೋಡಿ. ಎರಡೂ ಬಾರಿ ಬಂದದ್ದು ವಿದೇಶಿ ಕೀಟವೇ. ಎರಡನೆಯ ಬಾರಿ ಪಿಡುಗಿನ ಜಾತಿ ಯಾವುದು, ತವರು ಯಾವುದು, ಅಲ್ಲಿ ಅದರ ಶತ್ರು ಯಾರು ಎಂಬುದು ಮೊದಲೇ ಗೊತ್ತಿತ್ತು. ಈ ತಿಗಣೆಯನ್ನು ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ವರ್ಣಿಸಿದ್ದೇ 1992ರಲ್ಲಿ. ವರ್ಗೀಕರಣ ಶಾಸ್ತ್ರ ಕೇವಲ ಹೆಸರುಗಳ ಪಟ್ಟಿಯಲ್ಲ ಎಂಬುದಕ್ಕೆ ಇದು ನಿದರ್ಶನ.

ಎಲ್ಲ ಪಿಡುಗಿಗೂ ಇಂಥ ಕಣಜ ಸಿಗುವುದಿಲ್ಲ. ಆದರೆ ಪಿಡುಗಿನ ಬದುಕನ್ನು ತಿಳಿದರೆ ಬೇರೆ ದಾರಿಗಳೂ ತೋರುತ್ತವೆ. ಟೊಮ್ಯಾಟೊ ಕಾಯಿಕೊರಕದ ಚಿಟ್ಟೆ ಚೆಂಡು ಹೂವಿನ ಮೇಲೆ ಮೊಟ್ಟೆಯಿಡಲು ಇಷ್ಟಪಡುತ್ತದೆ ಎಂಬುದನ್ನು ಬಳಸಿಕೊಂಡು, ಹೆಸರಘಟ್ಟದ ತಜ್ಞರು 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂವನ್ನು ಬಲೆ ಬೆಳೆಯಾಗಿ ಬೆಳೆಯುವ ಕ್ರಮವನ್ನು 1990ರ ದಶಕದಲ್ಲಿ ಪ್ರಕಟಿಸಿದರು. ಎರಡೂ ಏಕಕಾಲಕ್ಕೆ ಹೂ ಬಿಡಲೆಂದು 40 ದಿನದ ಚೆಂಡು ಹೂ ಸಸಿಯನ್ನು 25 ದಿನದ ಟೊಮ್ಯಾಟೊ ಸಸಿಯೊಂದಿಗೆ ನಾಟಿ ಮಾಡಬೇಕು.

ಶಾಲೆಯ ಕೈತೋಟದ ಬದನೆ ಅಥವಾ ದಾಸವಾಳದಲ್ಲಿ ಹಿಟ್ಟು ತಿಗಣೆ ಕಂಡರೆ ಮೊದಲು ಭೂತಗನ್ನಡಿಯಿಂದ ನೋಡಿ. ರಂಧ್ರವಿರುವ ಒಣ ಕವಚಗಳು ಇವೆಯೇ? ಬಿಳಿ ಮೈಯ ಹುಳು ಚುರುಕಾಗಿ ಓಡಾಡುತ್ತಿದೆಯೇ? ಇದ್ದರೆ ಅಲ್ಲಿ ಮಿತ್ರರು ಆಗಲೇ ಕೆಲಸ ಆರಂಭಿಸಿದ್ದಾರೆ. ಇರುವೆಗಳು ಗಿಡ ಹತ್ತದಂತೆ ತಡೆದರೆ ಅವರಿಗೆ ಅಷ್ಟೇ ನೆರವು ಸಾಕು.