ಕೂಲಿಯೂ ಪಾನವೂ: ಹಿಯರ್‌ಫರ್ಡ್‌ನಿಂದ ಘಟಪ್ರಭೆಯವರೆಗೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಸೇವೆಗೈಯುವ ನಾವು ಕುಡಿತದ ವಿಷಯ ಬಂದಾಗಲೆಲ್ಲ ಕುಡಿಯುವವನನ್ನು ಕುರಿತೇ ಪ್ರಸಂಗಿಸುತ್ತೇವೆ. ಆ ಪಾನವನ್ನು ತಯಾರಿಸಿದವರು ಯಾರು, ಅದರ ಬೆಲೆ ಯಾರ ಕೂಲಿಯಿಂದ ಬಂದಿತು ಎಂದು ಕೇಳುವುದು ವಿರಳ. ಹಾಗೆ ಕೇಳುವುದು ಏಕೆ ಅಗತ್ಯವೆಂಬುದನ್ನು ಇಂಗ್ಲೆಂಡಿನ ಹಣ್ಣಿನ ತೋಟಗಳ ಇತಿಹಾಸವು ತಿಳಿಸುತ್ತದೆ.

ಆ ದೇಶದ ಪಶ್ಚಿಮ ಭಾಗದ ರೈತರು ಸೇಬಿನ ರಸವನ್ನು ಹುದುಗಿಸಿ ಸೈಡರ್ ಎಂಬ ಪಾನವನ್ನೂ, ಪೇರ್ ಹಣ್ಣಿನ ರಸದಿಂದ ಪೆರಿಯನ್ನೂ ಮಾಡುತ್ತಿದ್ದರು. ಹೊಲದ ಆಳುಗಳಿಗೆ ಕೂಲಿಯ ಒಂದು ಭಾಗವನ್ನು ಸೈಡರಿನ ರೂಪದಲ್ಲಿಯೇ ಕೊಡುವ ರೂಢಿಯಿತ್ತು. 1887ರ ಕಾಯಿದೆಯು ಅಮಲೇರಿಸುವ ಪಾನವನ್ನು ಕೂಲಿಯಾಗಿ ಕೊಡುವುದನ್ನು ನಿಷೇಧಿಸಿತು. ಅದೇ ವರ್ಷ ಹಿಯರ್‌ಫರ್ಡ್‌ಷೈರಿನ ಕ್ರೆಡನ್‌ಹಿಲ್ ಗ್ರಾಮದ ಸಭಾಪಾಲಕರ ಮಗನಾದ ಪರ್ಸಿ ಬುಲ್ಮರ್ ಸೈಡರ್ ಉದ್ಯಮವನ್ನು ಆರಂಭಿಸಿದನು. ಅವನ ಸಂಸ್ಥೆಯ ವುಡ್‌ಪೆಕರ್ ಮತ್ತು ಸ್ಟ್ರಾಂಗ್‌ಬೋ ಕ್ರಮೇಣ ಮನೆಮಾತಾದವು. 1950ರ ದಶಕದಲ್ಲಿ ಸಾಮರ್‌ಸೆಟ್‌ನ ಷವರಿಂಗ್ ಕುಟುಂಬವು ಪೆರಿಯನ್ನು ಬೇಬಿಷಾಮ್ ಎಂಬ ಹೆಸರಿನಲ್ಲಿ ಸಣ್ಣ ಸೀಸೆಗಳಲ್ಲಿ ಮಾರಿತು; ದೂರದರ್ಶನದಲ್ಲಿಯೂ ಅದರ ಜಾಹೀರಾತು ಬಂದಿತು. ಹಿಂದೆ ಕೂಲಿಯಾಗಿ ದೊರೆಯುತ್ತಿದ್ದ ಪಾನವನ್ನು ಈಗ ಕೂಲಿಯ ಹಣದಿಂದ ಕೊಳ್ಳುವಂತಾಯಿತು.

ನಮ್ಮ ಸೀಮೆಯಲ್ಲಿ ಸೇಬಿನ ಸ್ಥಾನ ಕಬ್ಬಿನದು. ಘಟಪ್ರಭೆ, ಹಿರಣ್ಯಕೇಶಿ ನದಿಗಳ ನೀರಿನಿಂದ ಬೆಳೆದ ಕಬ್ಬಿನ ರಸವು ಗಾಣದಲ್ಲಿ ಬೆಲ್ಲವಾಗುತ್ತದೆ, ಕಾರ್ಖಾನೆಯಲ್ಲಿ ಸಕ್ಕರೆಯಾಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೇ ಮದ್ಯಸಾರದ ಮೂಲವಸ್ತು. ಬ್ರಾಂಡ್‌ಗಳ ಕಥೆಯೂ ನಮಗೆ ದೂರದ್ದಲ್ಲ. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಬಿಯರ್ ತಯಾರಿಕಾ ಘಟಕಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಸ್ಥಾಪಿಸಿದನು. ಅದು ಬೆಂಗಳೂರಿನಲ್ಲಿ ಬೆಳೆಯಿತು. ಬಡವರ ಪಾಲಿಗಿದ್ದುದು ಸಾರಾಯಿ. 2007ರ ಜುಲೈ 1ರಂದು ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿತು. ಅನೇಕ ಮನೆಗಳ ಹೆಂಗಸರು ಇದರಿಂದ ನೆಮ್ಮದಿಯನ್ನು ನಿರೀಕ್ಷಿಸಿದರು. ಆದರೆ ಸಾರಾಯಿಯ ಜಾಗಕ್ಕೆ ಲೇಬಲ್ ಹೊತ್ತ ಅಗ್ಗದ ಮದ್ಯವು ಬಂದಿತು.

ಈ ಎರಡು ಕಾಯಿದೆಗಳೂ ಒಳ್ಳೆಯವೇ. ಆದರೆ ಎರಡೂ ಒಂದೇ ಅಲ್ಲ. ಮೊದಲನೆಯದು ಕೂಲಿಯನ್ನು ಬಿಡಿಸಿ ಕೂಲಿಯವನ ಕೈಗೆ ಕೊಟ್ಟಿತು. ಎರಡನೆಯದು ಒಂದು ಬಗೆಯ ಪಾನವನ್ನಷ್ಟೇ ತಡೆಯಿತು. ಮುಂಗಡ ಪಡೆದು ಕಬ್ಬು ಕಡಿಯಲು ಬರುವ ಆಳಿನ ದಣಿವು, ಸಾಲಗಳು ಹಾಗೆಯೇ ಉಳಿದವು. ಕೊಯ್ಲಿನವರಿಗೆ ಕೊಡದೆ ಹಿಡಿದ ಕೂಲಿಯು ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ. ಆತನ ಮಾತು ಉದ್ದೇಶಿಸಿರುವುದು ಆಳನ್ನಲ್ಲ, ಹೊಲದ ಒಡೆಯನನ್ನು.

ಬುಲ್ಮರನ ಉದ್ಯಮವು ಸಭಾಪಾಲಕರ ಮನೆಯ ಮಗನಿಂದಲೇ ಆರಂಭವಾಯಿತೆಂಬುದು ನಮಗೆ ವಿನಯವನ್ನು ಕಲಿಸಬೇಕು. ಕುಡುಕನಿಗೆ ಬುದ್ಧಿ ಹೇಳಲು ಹೋಗುವ ಸಭಾಪಾಲಕನು ಮೊದಲು ಅವನ ಕೂಲಿಯ ಲೆಕ್ಕವನ್ನು ಕೇಳಲಿ. ಆ ಲೆಕ್ಕದಲ್ಲಿ ಅನ್ಯಾಯ ಕಂಡರೆ, ಮುಂದಿನ ಭಾನುವಾರದ ಪ್ರಸಂಗವು ಕೂಲಿ ಕೊಡುವವನನ್ನು ಕುರಿತದ್ದಾಗಿರಲಿ.