ಮಂಡಿಗೆ ಸವಕಳಿ ಹಾಕೋಕಾಗಲ್ಲ

ಭಾಗ 1/4: ಒಂದು ರೀಲ್, ಒಂದು ಮಂಡಿ

ಬಿಕಾಂ ಓದೋರಿಗೆ ಸವಕಳಿ ಅಂದ್ರೆ ಗೊತ್ತೇ ಇರುತ್ತೆ. ಮಷೀನು ಬಳಸಿದಷ್ಟೂ ಸವೆಯುತ್ತೆ, ಅದಕ್ಕೆ ವರ್ಷ ವರ್ಷ ಅದರ ಬೆಲೆಯಲ್ಲಿ ಇಷ್ಟು ಅಂತ ಕಳೀತಾ ಹೋಗ್ತೀವಿ. ನಾನು ಓಡೋಕೆ ಶುರು ಮಾಡಿದಾಗ ಅಮ್ಮ ನನ್ನ ಮಂಡಿಗೂ ಅದೇ ಲೆಕ್ಕ ಹಾಕಿದ್ಳು. "ಇಪ್ಪತ್ತಕ್ಕೇ ಮಂಡಿ ಸವೆಸ್ಕೊಂಡ್ರೆ ನನ್ನ ವಯಸ್ಸಿಗೆ ಏನೋ ಮಾಡ್ತೀಯ?"

ನಾನು ಓಡ್ತಿದ್ದಿದ್ದು ಶೋಕಿಗಲ್ಲ. ಡಿಗ್ರಿ ಮುಗಿದ ಮೇಲೆ ಪೊಲೀಸ್ ನೇಮಕಾತಿಗೆ ಅರ್ಜಿ ಹಾಕ್ಬೇಕು. ಅಲ್ಲಿ 1600 ಮೀಟರ್ ಓಟ ಇದೆ. ಅದರಲ್ಲಿ ಫೇಲಾದ್ರೆ ಪರೀಕ್ಷೆ ಎಷ್ಟು ಚೆನ್ನಾಗಿ ಬರೆದ್ರೂ ಪ್ರಯೋಜನ ಇಲ್ಲ. ಹಾಗಾಗಿ ಮೊದಲ ದಿನದಿಂದಲೇ ಹಾಸನದ ಸ್ಟೇಡಿಯಂನಲ್ಲಿ ನಾಲ್ಕು ರೌಂಡು, ಫುಲ್ ಸ್ಪೀಡು, ಒಂದು ದಿನಾನೂ ಬಿಡದೆ.

ಮೂರನೇ ವಾರ ಮಂಡಿ ಚಿಪ್ಪಿನ ಹಿಂದೆ ನೋವು ಶುರುವಾಯ್ತು. ಓಡುವಾಗ ಕಮ್ಮಿ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಎರಡು ಪೀರಿಯಡ್ ಕೂತು ಎದ್ರೆ ಇನ್ನೂ ಜಾಸ್ತಿ. ಫ್ರೆಂಡ್ ಒಬ್ಬ ರೀಲ್ ಕಳಿಸಿದ. ಅಮೆರಿಕದ ಜೋನ್ ಬೆನಾಯ್ಟ್ 1984ರಲ್ಲಿ ಮಂಡಿ ಆಪರೇಷನ್ ಆಗಿ 17 ದಿನಕ್ಕೆ ಮ್ಯಾರಥಾನ್ ಗೆದ್ಳು ಅಂತ. ಕೆಳಗೆ ಅವನ ಮೆಸೇಜು: "ನಿಂದೇನು ನೆಪ ಮಗಾ?"

ರೋಷಕ್ಕೆ ಇನ್ನೂ ನಾಲ್ಕು ದಿನ ಓಡಿದೆ. ಐದನೇ ದಿನ ಬಸ್ಸಿಂದ ಇಳಿಯೋಕೆ ಕಂಬಿ ಹಿಡ್ಕೋಬೇಕಾಯ್ತು. ಹಿಂದೆ ನಿಂತಿದ್ದ ಅಜ್ಜ "ನಿಧಾನ ಕಣಪ್ಪ" ಅಂದ್ರು. ಆ ಅವಮಾನಕ್ಕೇ ಮನೇಲಿ ಕೂತು ಓದೋಕೆ ಶುರು ಮಾಡಿದೆ. ಮಾಮೂಲಿ ಜನ ಯಾವಾಗಿಂದ ಓಡ್ತಿದ್ದಾರೆ? ಅವರ ಮಂಡಿಗೆ ಏನಾಯ್ತು?

ಭಾಗ 2/4: ಕೋಚ್‌ಗೇ ಓಡೋಕಾಗ್ಲಿಲ್ಲ

ಕಥೆ ಶುರುವಾಗೋದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ಅಲ್ಲಿ ಆರ್ಥರ್ ಲಿಡಿಯರ್ಡ್ ಅಂತ ಒಬ್ಬ ಕೋಚ್ ಇದ್ರು. ಶೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದ ಮನುಷ್ಯ. 1960ರ ರೋಮ್ ಒಲಿಂಪಿಕ್ಸಲ್ಲಿ ಅವರ ಶಿಷ್ಯರು ಪೀಟರ್ ಸ್ನೆಲ್ (800 ಮೀ) ಮತ್ತು ಮರ್ರಿ ಹಾಲ್ಬರ್ಗ್ (5000 ಮೀ) ಒಂದೇ ದಿನ ಚಿನ್ನ ಗೆದ್ರು. ಆದ್ರೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ದೊಡ್ಡದು ಅನ್ನಿಸುತ್ತೆ. ವಯಸ್ಸಾದವರು, ಹಾರ್ಟ್ ಅಟ್ಯಾಕ್ ಆಗಿದ್ದವರು, ಹೊಟ್ಟೆ ಬಂದವರು, ಇವರನ್ನೆಲ್ಲಾ ಗುಂಪು ಕಟ್ಟಿ ನಿಧಾನಕ್ಕೆ ಓಡಿಸಿದ್ರು. ರೂಲ್ ಸಿಂಪಲ್: ದೇಹಕ್ಕೆ ಅಭ್ಯಾಸ ಮಾಡಿಸಿ, ಹಿಂಸೆ ಕೊಡಬೇಡಿ. ಓಡ್ತಾ ಓಡ್ತಾ ಪಕ್ಕದವರ ಜೊತೆ ಮಾತಾಡೋಕೆ ಆಗ್ಬೇಕು.

1962ರ ಕೊನೆಗೆ ಅಮೆರಿಕದಿಂದ ಬಿಲ್ ಬೋವರ್‌ಮನ್ ಬಂದ್ರು. ಆರೆಗನ್ ವಿಶ್ವವಿದ್ಯಾಲಯದ ಫೇಮಸ್ ಕೋಚ್, 51 ವರ್ಷ. ಲಿಡಿಯರ್ಡ್ ಗುಂಪಿನ ಜೊತೆ ಓಡೋಕೆ ಹೋಗಿ ಸ್ವಲ್ಪ ದೂರಕ್ಕೇ ಸುಸ್ತಾದ್ರು. ಅವರ ಜೊತೆ ಹಿಂದೆ ಉಳಿದು ಮಾತಾಡಿಸ್ತಾ ಓಡಿದ್ದು ಯಾರು ಗೊತ್ತಾ? ಎಪ್ಪತ್ತು ದಾಟಿದ, ಅದಾಗಲೇ ಹಾರ್ಟ್ ಅಟ್ಯಾಕ್ ಆಗಿದ್ದ ಒಬ್ಬ ಅಜ್ಜ.

ಊರಿಗೆ ವಾಪಸ್ ಹೋದ ಬೋವರ್‌ಮನ್ 1963ರಲ್ಲಿ ಯೂಜೀನ್ ಪಟ್ಟಣದ ಮೈದಾನಕ್ಕೆ ಜನರನ್ನ ಕರೆದ್ರು. ಕೆಲವೇ ವಾರದಲ್ಲಿ ನೂರಾರು ಜನ ಬಂದ್ರು. ಅವರು ಖುಷಿಪಡೋ ಬದಲು ಹೆದರಿದ್ರು. ಅಭ್ಯಾಸ ಇಲ್ಲದವರು, ಯಾರಾದ್ರೂ ಕುಸಿದು ಬಿದ್ರೆ? ಎಲ್ಲರನ್ನೂ ಮನೆಗೆ ಕಳಿಸಿ, ವಾಲ್ಡೋ ಹ್ಯಾರಿಸ್ ಅನ್ನೋ ಹೃದಯ ತಜ್ಞರ ಜೊತೆ ಕೂತು, ಸಣ್ಣ ಗುಂಪಿನಿಂದ ಮತ್ತೆ ಶುರು ಮಾಡಿದ್ರು. ಆ ಅನುಭವವೇ 1967ರಲ್ಲಿ 'ಜಾಗಿಂಗ್' ಅನ್ನೋ ಪುಸ್ತಕ ಆಯ್ತು. ಲಕ್ಷಾಂತರ ಪ್ರತಿ ಹೋಯ್ತು.

ಗಮನಿಸಿ, ಇಷ್ಟು ಹೊತ್ತೂ ಎಲ್ಲರಿಗೂ ಭಯ ಇದ್ದಿದ್ದು ಹೃದಯದ ಬಗ್ಗೆ. ಮಂಡಿ ಬಗ್ಗೆ ಅಲ್ಲ.

ಭಾಗ 3/4: ಅದೇ ಊರಿನ ಡಾಕ್ಟರ್ ಲೆಕ್ಕ ಹಾಕಿದ್ರು

1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಫ್ರಾಂಕ್ ಶಾರ್ಟರ್ ಮ್ಯಾರಥಾನ್ ಚಿನ್ನ ಗೆದ್ದ ಮೇಲೆ ಅಮೆರಿಕಕ್ಕೆ ಓಟದ ಹುಚ್ಚು ಹಿಡೀತು. 1977ರಲ್ಲಿ ಜಿಮ್ ಫಿಕ್ಸ್ ಬರೆದ ಓಟದ ಪುಸ್ತಕ ಭರ್ಜರಿ ಮಾರಾಟ ಆಯ್ತು. ಜನ ಓಡಿದ್ರು, ಮಂಡಿ ನೋಯ್ತು. ಎಷ್ಟು ಅಂದ್ರೆ ಆ ನೋವಿಗೆ 'ರನ್ನರ್ಸ್ ನೀ', ಅಂದ್ರೆ ಓಟಗಾರರ ಮಂಡಿ ಅಂತಾನೇ ಹೆಸರು ಬಿತ್ತು.

ಇಲ್ಲಿ ಮಾರ್ಕೆಟ್ ಒಳಗೆ ಬಂತು. ನಿಮ್ಮ ಪಾದ ಒಳಗೆ ವಾಲುತ್ತೆ, ಅದಕ್ಕೇ ಮಂಡಿ ನೋವು, ಈ ಶೂ ತಗೊಳ್ಳಿ! ನಾನೂ ಬಿದ್ದೆ. ಅಂಗಡಿಯವನ ಮಾತು ಕೇಳಿ ಎರಡು ತಿಂಗಳ ಟ್ಯೂಷನ್ ದುಡ್ಡು (ನಾನು ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀನಿ) ಶೂಗೆ ಹಾಕಿದೆ. ಶೂ ಚೆನ್ನಾಗಿದೆ. ನೋವು ಇದ್ದಂಗೇ ಇತ್ತು.

ಬೋವರ್‌ಮನ್ ಅವರ ಅದೇ ಯೂಜೀನ್‌ನಲ್ಲಿ ಸ್ಟಾನ್ ಜೇಮ್ಸ್ ಅಂತ ಮೂಳೆ ಡಾಕ್ಟರ್ ಇದ್ರು. ಅವರು ಮತ್ತು ಇಬ್ಬರು ಸಂಶೋಧಕರು ಗಾಯ ಮಾಡ್ಕೊಂಡು ಬಂದ 180 ಓಟಗಾರರ ವಿವರ ಒಟ್ಟುಗೂಡಿಸಿ 1978ರಲ್ಲಿ ಪ್ರಕಟಿಸಿದ್ರು. ಎಲ್ಲಕ್ಕಿಂತ ಹೆಚ್ಚು ನೋವು ಕಂಡಿದ್ದು ಮಂಡಿಯಲ್ಲೇ. ಕಾರಣ? ಅರ್ಧಕ್ಕಿಂತ ಹೆಚ್ಚು ಕೇಸಲ್ಲಿ ಅಭ್ಯಾಸದ ತಪ್ಪು. ಇದ್ದಕ್ಕಿದ್ದಂಗೆ ದೂರ ಜಾಸ್ತಿ, ಇದ್ದಕ್ಕಿದ್ದಂಗೆ ವೇಗ ಜಾಸ್ತಿ. ಅಂದ್ರೆ ನಾನು.

ಶೂ ವಾದಕ್ಕೂ ಆಮೇಲೆ ಪರೀಕ್ಷೆ ಆಯ್ತು. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಒಂದೇ ಥರದ ಸಾದಾ ಶೂ ಕೊಟ್ಟು ಒಂದು ವರ್ಷ ನೋಡಿದ್ರು. 2014ರಲ್ಲಿ ಬಂದ ಫಲಿತಾಂಶ: ಪಾದ ಒಳಗೆ ವಾಲುವವರಿಗೆ ಗಾಯ ಹೆಚ್ಚೇನೂ ಆಗಿರಲಿಲ್ಲ.

ಹಾಗಂತ 'ನಿಧಾನಕ್ಕೆ ಹೆಚ್ಚಿಸಿದ್ರೆ ಸಾಕು' ಅಂತ ಸುಲಭವಾಗಿ ಹೇಳೋಕೂ ಆಗಲ್ಲ. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ 532 ಹೊಸಬರನ್ನ ಎರಡು ಗುಂಪು ಮಾಡಿದ್ರು. ಒಂದಕ್ಕೆ 8 ವಾರದ ಪ್ಲಾನ್, ಇನ್ನೊಂದಕ್ಕೆ ವಾರಕ್ಕೆ ಶೇ 10ರಷ್ಟೇ ಹೆಚ್ಚಿಸೋ 13 ವಾರದ ಪ್ಲಾನ್. ಎರಡರಲ್ಲೂ ಐದರಲ್ಲಿ ಒಬ್ಬರಿಗೆ ಗಾಯ (2008). ಅಂದ್ರೆ ಶೇ 10 ಅನ್ನೋದು ಮಂತ್ರ ಅಲ್ಲ. ನೋವು ಬಂದಾಗ ಏನ್ ಮಾಡ್ತೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಭಾಗ 4/4: ರೀಲ್‌ನಲ್ಲಿ ಇಲ್ಲದ್ದು

ಈಗ ಜೋನ್ ಬೆನಾಯ್ಟ್ ಕಥೆಗೆ ಬರೋಣ. ಆಕೆಯ ಮಂಡಿ ಆಪರೇಷನ್ ಮಾಡಿದ್ದು ಇದೇ ಸ್ಟಾನ್ ಜೇಮ್ಸ್! 25 ಏಪ್ರಿಲ್ 1984ರಂದು. ಮೇ 12ಕ್ಕೆ ಒಲಿಂಪಿಕ್ ಆಯ್ಕೆ ಓಟ ಗೆದ್ರು. ಆಗಸ್ಟ್ 5ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್ ಚಿನ್ನ, 2 ಗಂಟೆ 24 ನಿಮಿಷ 52 ಸೆಕೆಂಡ್.

ಎಲ್ಲಾ ನಿಜ. ಆದ್ರೆ ರೀಲ್ ಹೇಳದೇ ಇರೋದು ಎರಡು ವಿಷಯ. ಒಂದು, ಮಂಡಿ ಕೈಕೊಟ್ಟಾಗ ಆಕೆ ಓಟ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿದ್ರು. ಎರಡು, ಹಿಂದಿನ ವರ್ಷವಷ್ಟೇ ಬಾಸ್ಟನ್‌ನಲ್ಲಿ 2:22:43ಕ್ಕೆ ಓಡಿ ವಿಶ್ವದ ಅತ್ಯುತ್ತಮ ಸಮಯ ಮಾಡಿದ್ದ ಕಾಲು ಅದು. ವರ್ಷಗಟ್ಟಲೆ ಡೆಪಾಸಿಟ್ ಇಟ್ಟವರು 17 ದಿನ ವಿತ್‌ಡ್ರಾ ಮಾಡಬಹುದು. ನನ್ನ ಅಕೌಂಟಲ್ಲಿ ಇದ್ದಿದ್ದು ಮೂರು ವಾರ.

ಹೊಸಬರಿಗೆ ಆಗೋದು ಇದೇ. ಉಸಿರು ಬೇಗ ಕಲಿಯುತ್ತೆ, ಕೆಲವೇ ವಾರದಲ್ಲಿ 'ಆಗುತ್ತೆ' ಅನ್ನಿಸುತ್ತೆ. ಮೂಳೆ, ಸ್ನಾಯುರಜ್ಜು ನಿಧಾನಕ್ಕೆ ಕಲಿಯುತ್ತವೆ. ಆ ಗ್ಯಾಪಲ್ಲೇ ನೋವು ಬರೋದು.

ಸರಿ, ಅಮ್ಮನ ಸವಕಳಿ ಲೆಕ್ಕ? 2017ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ರು. ಸೊಂಟ ಅಥವಾ ಮಂಡಿ ಕೀಲು ಸವೆತ ಹವ್ಯಾಸಕ್ಕೆ ಓಡೋರಲ್ಲಿ ಶೇ 3.5, ಓಡದೇ ಇರೋರಲ್ಲಿ ಶೇ 10.2, ಸ್ಪರ್ಧೆಗೆ ಓಡೋರಲ್ಲಿ ಶೇ 13.3. ಓಡಿದ್ದಕ್ಕೇ ಕಮ್ಮಿ ಆಯ್ತು ಅಂತ ಇದರಿಂದ ಸಾಬೀತಾಗಲ್ಲ. ಆದ್ರೆ ಓಡಿದ್ರೆ ಸವೆದೇ ಹೋಗುತ್ತೆ ಅನ್ನೋ ಮಾತಂತೂ ನಿಲ್ಲಲ್ಲ. ಮಂಡಿಯ ಮೃದ್ವಸ್ಥಿಗೆ ರಕ್ತನಾಳ ಇಲ್ಲ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದಾಗ ಕೀಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುತ್ತೆ. ಮಷೀನಿಗೆ ಈ ಭಾಗ್ಯ ಇಲ್ಲ.

ನಾನು ಮಾಡಿದ್ದು: ಹತ್ತು ದಿನ ಓಟ ಬಂದ್, ಬರೀ ನಡಿಗೆ. ಆಮೇಲೆ ದಿನ ಬಿಟ್ಟು ದಿನ, ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಮೆಟ್ಟಿಲಿಂದ ಒಂದು ಕಾಲಲ್ಲಿ ನಿಧಾನಕ್ಕೆ ಇಳಿಯೋದು. ಓಡುವಾಗ ಸ್ವಲ್ಪ ನೋವಿದ್ದು ಮಾರನೇ ಬೆಳಿಗ್ಗೆ ಹೋಗಿದ್ರೆ ಓಕೆ. ಮಾರನೇ ದಿನವೂ ಇದ್ರೆ ಒಂದು ಹೆಜ್ಜೆ ಹಿಂದೆ. ಮಂಡಿ ಊದಿಕೊಂಡ್ರೆ, ಲಾಕ್ ಆದ್ರೆ, ಕುಸಿದಂಗಾದ್ರೆ ಈ ಪೋಸ್ಟ್ ನಂಬ್ಕೊಂಡು ಕೂರಬೇಡಿ, ಡಾಕ್ಟರ್ ಹತ್ರ ಹೋಗಿ.

ಈಗ ಮೂರು ತಿಂಗಳಾಯ್ತು. 1600 ಮೀಟರ್ ನಿಲ್ಲದೇ ಓಡ್ತೀನಿ, ನೋವಿಲ್ಲ. ಪಾಸಾಗೋ ಟೈಮ್ ಇನ್ನೂ ಬಂದಿಲ್ಲ. ಮೊದಲಾಗಿದ್ರೆ ಇವತ್ತೇ ಬರ್ಬೇಕಿತ್ತು. ಈಗ ಕಾಯ್ತೀನಿ.

ಓಟ ಇಲ್ಲದ ದಿನ ಅಮ್ಮನೂ ಸ್ಟೇಡಿಯಂಗೆ ಬರ್ತಾಳೆ. ಗಾರ್ಮೆಂಟ್ಸಲ್ಲಿ ದಿನವಿಡೀ ನಿಂತ ಕಾಲು, ಎರಡು ರೌಂಡಿಗೆ ಸಾಕು ಅಂತಾಳೆ. ನಾನು ಅವಳ ಪಕ್ಕ, ಅವಳ ಸ್ಪೀಡಲ್ಲೇ, ಮಾತಾಡ್ತಾ ನಡೀತೀನಿ.

ನಿಮ್ಮ ಮಂಡಿ ಯಾವ ವಾರದಲ್ಲಿ ಕೈಕೊಡ್ತು? ಕಾಮೆಂಟಲ್ಲಿ ಹೇಳಿ. ಹೊಸದಾಗಿ ಓಡ್ತಿರೋ ಫ್ರೆಂಡ್‌ಗೆ ರೀಲ್ ಬದಲು ಇದನ್ನ ಕಳಿಸಿ.

#ಓಟದಇತಿಹಾಸ #ಮಂಡಿನೋವು #ಹಾಸನ #ಕನ್ನಡ