ಓದಲು ಬಾರದ ಅಕ್ಷರ, ಒಳಮನಸ್ಸಿನ ಓದು

ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಕೂಸು ಬೆಚ್ಚಿಬಿದ್ದರೆ ಇಂದಿಗೂ ತಾಯತ ಕಟ್ಟಿಸುವವರಿದ್ದಾರೆ. ಒಳಗಿರುವುದು ಸ್ವಾಮಿಗಳು ಬರೆದ ಯಂತ್ರವಾಗಿರಬಹುದು, ದರ್ಗಾದಲ್ಲಿ ಕೊಟ್ಟ ಅರಬ್ಬಿ ಚೀಟಿಯಾಗಿರಬಹುದು. ಕಟ್ಟಿಸಿಕೊಂಡವರಿಗೆ ಅದರ ಒಂದಕ್ಷರವೂ ಬಾರದು. ಆದರೂ ಮನೆಯವರ ಜೀವಕ್ಕೆ ಸಮಾಧಾನವಾಗುತ್ತದೆ. ಅರ್ಥ ತಿಳಿಯದ ಬರಹ ಮನಸ್ಸಿನ ತಳದಲ್ಲಿ ಏನು ಮಾಡುತ್ತದೆ ಎಂದು ವಿದ್ವಾಂಸರು ವಿಚಾರಿಸಲು ಹಿಡಿದು ನೂರು ವರ್ಷ ದಾಟಿದೆ.

ಮೊದಮೊದಲ ಗಂಭೀರ ಅಧ್ಯಯನವೊಂದರಲ್ಲೇ ಕನ್ನಡ ನಾಡಿನ ಹೆಸರು ಬರುತ್ತದೆ. ಜಿನೀವಾದ ಮನೋವಿಜ್ಞಾನಿ ಥಿಯೊಡೋರ್ ಫ್ಲೂರ್ನುವಾ 1900ರಲ್ಲಿ ಎಲೆನ್ ಸ್ಮಿತ್ ಎಂಬ ಮಹಿಳೆಯ ಕುರಿತು ಪುಸ್ತಕ ಬರೆದ. ಆಕೆ ಮೈಮರೆತ ಸ್ಥಿತಿಯಲ್ಲಿ ಮಂಗಳಗ್ರಹದ ಲಿಪಿ ಎಂದು ಏನನ್ನೋ ಬರೆಯುತ್ತಿದ್ದಳು. ಹಿಂದಿನ ಜನ್ಮದಲ್ಲಿ ಕೆನರಾದ ಚಂದ್ರಗಿರಿ ಕೋಟೆಯ ನಾಯಕ ಅರಸನ ರಾಣಿಯಾಗಿದ್ದೆ ಎನ್ನುತ್ತಿದ್ದಳು. ಚಂದ್ರಗಿರಿ ಕೋಟೆ ಕಾಸರಗೋಡಿನಲ್ಲಿ ಈಗಲೂ ಇದೆ. ಫ್ಲೂರ್ನುವಾ ಹುಡುಕಿದಾಗ ಹಳೆಯ ಫ್ರೆಂಚ್ ಇತಿಹಾಸ ಗ್ರಂಥವೊಂದರಲ್ಲಿ ಆ ಕೋಟೆಯ, ಆ ಅರಸನ ಪ್ರಸ್ತಾಪ ಸಿಕ್ಕಿತು. ಆ ಮಂಗಳ ಭಾಷೆಯ ವಾಕ್ಯರಚನೆ ಆಕೆಯ ತಾಯ್ನುಡಿ ಫ್ರೆಂಚಿನದೇ ಆಗಿತ್ತು. ಎಂದೋ ಕಂಡು ಮರೆತದ್ದನ್ನು ಒಳಮನಸ್ಸು ಹೊಸ ವೇಷದಲ್ಲಿ ಹೊರಹಾಕಿತ್ತು ಎಂಬುದು ಫ್ಲೂರ್ನುವಾನ ತೀರ್ಮಾನ.

ಇಲ್ಲದ ಲಿಪಿ ಬರೆಯುವ ಈ ಹಾದಿಯನ್ನು ಕಲಾವಿದರೂ ಹಿಡಿದರು. ಕವಿ, ಚಿತ್ರಕಾರ ಆಂರಿ ಮಿಶೋ 1927ರಲ್ಲೇ ಪದವಿಲ್ಲದ ಬರಹ ಗೀಚಿದ್ದ. ಚೀನಾದ ಷೂ ಬಿಂಗ್ ಸುಮಾರು 4000 ಸುಳ್ಳು ಅಕ್ಷರಗಳನ್ನು ಮರದಲ್ಲಿ ಕೆತ್ತಿ ಅಚ್ಚು ಹಾಕಿ 1988ರಲ್ಲಿ ಬೀಜಿಂಗ್‌ನಲ್ಲಿ ಪ್ರದರ್ಶಿಸಿದ. ಅದರ ಮುಂದೆ ಪಂಡಿತನೂ ನಿರಕ್ಷರನೂ ಒಂದೇ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಾಯಂಟ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗ. ಚೀನೀ ಬಾರದ ವಿದ್ಯಾರ್ಥಿಗಳಿಗೆ ಆತ ಚೀನೀ ಮಾದರಿಯ ಅಕ್ಷರಗಳನ್ನು ತೋರಿಸಿದ, ಕೆಲವನ್ನು ಒಂದೆರಡು ಸಲ, ಕೆಲವನ್ನು 25 ಸಲ. ಬಳಿಕ ಪ್ರತಿಯೊಂದರ ಅರ್ಥ ಒಳ್ಳೆಯದಿರಬಹುದೋ ಕೆಟ್ಟದಿರಬಹುದೋ ಊಹಿಸಲು ಹೇಳಿದ. ಹೆಚ್ಚು ಸಲ ಕಂಡ ಅಕ್ಷರಕ್ಕೇ ಒಳ್ಳೆಯ ಅರ್ಥ ಸಿಕ್ಕಿತು. ಬರೀ ಕಣ್ಣಿಗೆ ಬೀಳುತ್ತಿದ್ದರೆ ಸಾಕು, ತಿಳಿಯದ ಬರಹವೂ ಆಪ್ತವಾಗುತ್ತದೆ.

1993ರಲ್ಲಿ ಶೀಲಾ ಮರ್ಫಿ ಮತ್ತು ಝಾಯಂಟ್ಸ್ ಇನ್ನೊಂದು ಹೆಜ್ಜೆ ಇಟ್ಟರು. ಚೀನೀ ಅಕ್ಷರಕ್ಕೆ ಮುಂಚೆ, ಕಂಡದ್ದೂ ತಿಳಿಯದಷ್ಟು ಕ್ಷಣಿಕವಾಗಿ, ಅಂದರೆ 4 ಮಿಲಿಸೆಕೆಂಡು ಮಾತ್ರ, ನಗುವ ಅಥವಾ ಸಿಟ್ಟಿನ ಮುಖ ಮಿಂಚಿಸಿದರು. ನಗುಮುಖದ ಹಿಂದೆ ಬಂದ ಅಕ್ಷರ ಇಷ್ಟವಾಯಿತು, ಸಿಟ್ಟಿನದು ಆಗಲಿಲ್ಲ. ಮುಖವನ್ನು ಒಂದು ಸೆಕೆಂಡು ನೆಟ್ಟಗೆ ತೋರಿಸಿದಾಗ ಪರಿಣಾಮ ಮಾಯ. ಇಂಥ ಪ್ರಯೋಗಗಳ ಬಲದ ಬಗ್ಗೆ ಈಚೆಗೆ ತಕರಾರುಗಳೂ ಎದ್ದಿವೆ, ನಿಜ. ಆದರೂ ನಮ್ಮ ಸೀಮೆಯ ಒಂದು ಹಳೆಯ ಅನುಭವಕ್ಕೆ ಇದು ಹತ್ತಿರವಿದೆ. ಧಾರವಾಡ ಸೀಮೆ 1818ರವರೆಗೆ ಪೇಶ್ವೆಯವರ ಕೈಯಲ್ಲಿತ್ತು. ದಫ್ತರಗಳು ಮರಾಠಿಯ ಮೋಡಿ ಲಿಪಿಯಲ್ಲಿದ್ದವು. ಓದುಬಾರದ ರೈತನಿಗೆ ತಾಯತದ ಚೀಟಿಯೂ ಸಾಹುಕಾರನ ಸಾಲಪತ್ರವೂ ಬರೀ ಗೀಟುಗಳೇ. ಒಂದು ಧೈರ್ಯ ಕೊಟ್ಟಿತು, ಇನ್ನೊಂದು ನಿದ್ದೆ ಕೆಡಿಸಿತು. ಕೊಟ್ಟವರ ಮುಖ ಆ ಗೀಟುಗಳಿಗೆ ಅಂಟಿಕೊಂಡಿತ್ತು.

ಓದು ಬಲ್ಲವರ ಪಾಡು ಬೇರೆ. ಕಣ್ಣಿಗೆ ಬಿದ್ದ ಪದವನ್ನು ಓದದೆ ಬಿಡಲಾಗದು ಎಂದು ಮನೋವಿಜ್ಞಾನಿ ಸ್ಟ್ರೂಪ್ 1935ರಲ್ಲೇ ತೋರಿಸಿದ್ದ. ಫ್ರಾನ್ಸಿನ ಮರಿಯೆಕೆ ಲಾಂಗ್‌ಕಾಂಪ್ 2003ರಲ್ಲಿ ಕಂಡುಕೊಂಡಂತೆ, ಬಲ್ಲ ಅಕ್ಷರವನ್ನು ಸುಮ್ಮನೆ ನೋಡಿದರೂ ಬರೆಯುವಾಗ ಕೆಲಸ ಮಾಡುವ ಮಿದುಳಿನ ಭಾಗ ಎಚ್ಚರಗೊಳ್ಳುತ್ತದೆ. ಹುಸಿ ಅಕ್ಷರಕ್ಕೆ ಹಾಗಾಗದು. ಲಖನೌ ಸಮೀಪದ ಹಳ್ಳಿಗಳ ನಿರಕ್ಷರ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಆಳದ ಭಾಗಗಳ ಸಂಪರ್ಕವೇ ಬದಲಾಗಿತ್ತು.

ಅದಕ್ಕೇ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಶಾಸನದ ಮುಂದೆ ನಿಂತವರೆಲ್ಲ ಒಂದೇ ಕಲ್ಲನ್ನು ನೋಡುವುದಿಲ್ಲ ಎನ್ನುತ್ತೇನೆ. ಶಾಲೆ ಕಾಣದ ಅಜ್ಜಿಗೆ ಅದು ಚಿಕ್ಕಂದಿನಿಂದ ಕಂಡ ಪರಿಚಿತ ಮುಖ. ಏಳನೆಯ ಇಯತ್ತೆಯ ಹುಡುಗನಿಗೆ ಅಲ್ಲೊಂದು ‘ಗ’, ಇಲ್ಲೊಂದು ‘ನ’ ಸಿಕ್ಕು ಉಳಿದದ್ದು ಜಾರುತ್ತದೆ. ಆ ಅರೆಪರಿಚಯದ ಕಾಟ ಪೂರ್ತಿ ಅಪರಿಚಿತ ಲಿಪಿಯಲ್ಲಿಲ್ಲ. ಬರಹದ ಬಲ ಗೀಟಿನಲ್ಲಿಲ್ಲ, ನೋಡುವ ಕಣ್ಣು ಬೆಳೆದ ರೀತಿಯಲ್ಲಿದೆ ಎಂಬುದೇ ಈ ನೂರು ವರ್ಷದ ಶೋಧದಿಂದ ನಾನು ಪಡೆದ ತಿಳಿವಳಿಕೆ.

ಈ ಬಲಕ್ಕೆ ಕೇಡಿನ ಮುಖವೂ ಇದೆ. ತಿಳಿಯದ ಅಕ್ಷರವೆಂದರೆ ನಿಧಿಯ ಗುರುತು ಎಂದು ನಂಬಿ ಕಲ್ಲು ಕಿತ್ತವರು, ಒಡೆದವರು ನಾಡಿನ ಉದ್ದಗಲಕ್ಕೂ ಇದ್ದಾರೆ. ಆ ಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಇಂತಿಷ್ಟು ಮತ್ತರು ಭೂಮಿಯ ದಾನ, ನಂದಾದೀವಿಗೆಯ ಎಣ್ಣೆಯ ಲೆಕ್ಕ, ಕೊನೆಗೆ ಅಳಿಸಿದವನಿಗೊಂದು ಶಾಪ. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ 1820–30ರ ದಶಕಗಳಲ್ಲಿ ಈ ಸೀಮೆಯ ನೂರಾರು ಶಾಸನಗಳ ನಕಲು ಮಾಡಿಸಿದ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಆ ಕೆಲಸ ನಡೆಸಿಕೊಂಡು ಬಂದಿದೆ.

ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಯ ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮೂರ ಕಲ್ಲಿಗೆ ಪೂಜೆ ಮಾಡಿರಿ, ಬೇಡವೆನ್ನುವುದಿಲ್ಲ. ಆದರೆ ಎಣ್ಣೆ, ಸುಣ್ಣ, ಬಣ್ಣ ಮೆತ್ತಬೇಡಿರಿ. ಸಂಜೆಯ ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತದೆ. ಆಗ ಫೋಟೊ ತೆಗೆದು ಓದಬಲ್ಲವರಿಗೆ ತಲುಪಿಸಿರಿ.